ನೀವು ನುಂಗಿದ ಸುದ್ದಿ

ಅಥಣಿ
ಗುರುವಾರ, ಡಿಸೆಂಬರ್ ೧೯೯೮

ಸತ್ಕಾರದ ಹಾರಕ್ಕೆ ಕೊರಳು ಸಿದ್ಧ ಮಾಡಿಕೊಂಡು ಕುಳಿತಿರುವ ಜ್ಞಾನದೇವ ಸಾಹೇಬರಿಗೆ,

ತೆಲಸಂಗದ ಮುರಗೆಪ್ಪನ ಮಗಳು ಗಂಗೂಬಾಯಿ ಬರೆಯುವ ಪತ್ರ. ಇಲ್ಲಿ ಕ್ಷೇಮ ಕೇಳುವ ಒಂದು ಸಾಲು ಬರಬೇಕಿತ್ತು, ಬೇಕೆಂದೇ ಬಿಟ್ಟಿದ್ದೇನೆ. ನೀವು ಕ್ಷೇಮವಾಗಿದ್ದೀರಿ ಎಂಬುದು ಆಮಂತ್ರಣ ಪತ್ರಿಕೆಯ ಮೇಲಿನ ಫೋಟೋ ನೋಡಿದರೇ ತಿಳಿಯುತ್ತದೆ. ಗಲ್ಲ ತುಂಬಿಕೊಂಡಿವೆ, ಮೀಸೆಗೆ ಬಣ್ಣ ಬಿದ್ದಿದೆ.

ಬರುವ ರವಿವಾರ ನಿಪ್ಪಾಣಿಯಲ್ಲಿ ನಿಮ್ಮ ಸತ್ಕಾರ ಸಮಾರಂಭ. ಪತ್ರಿಕೆಯ ಒಳಗೆ ನಿಮ್ಮದೇ ಕೈಬರಹದ ಚೀಟಿ ಇಟ್ಟಿದ್ದೀರಿ. "ಗಂಗೂಬಾಯಿಯವರು ವೇದಿಕೆಯ ಮೇಲೆ ಕುಳಿತು, ನನ್ನ ಕೈಕೆಳಗೆ ಕೆಲಸ ಮಾಡಿದ ದಿನಗಳ ಬಗ್ಗೆ, ವಿಶೇಷವಾಗಿ ತಮ್ಮ ತಂದೆಯವರ ಪ್ರಸಂಗದ ಬಗ್ಗೆ, ನಾಲ್ಕು ಮಾತು ಆಡಬೇಕು" ಎಂದು ಅದರಲ್ಲಿದೆ. ಪ್ರಸಂಗ. ನನ್ನ ಅಪ್ಪನ ಸಾವಿಗೆ ನೀವು ಇಟ್ಟುಕೊಂಡ ಹೆಸರು ಅದು. ಆ ಶಬ್ದವನ್ನು ಓದಿ ನಾನು ಚೀಟಿಯನ್ನು ಹರಿಯಲಿಲ್ಲ. ಮಡಚಿ ಪರ್ಸಿನಲ್ಲಿಟ್ಟುಕೊಂಡೆ, ಬರುತ್ತೇನೆ ಎಂದು ನಿಮಗೆ ಒಂದು ಕಾರ್ಡು ಹಾಕಿದೆ. ಕಾರ್ಡು ಮುಟ್ಟಿರಬೇಕು. ಮುಟ್ಟಿ ನಿಮಗೆ ಸಂತೋಷವೂ ಆಗಿರಬೇಕು.

ಈಚೆಗೆ ನೀವು ದೊಡ್ಡ ಮನುಷ್ಯರಾಗಿದ್ದೀರಿ ಎಂದು ಕೇಳಿದ್ದೇನೆ. ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಮಾಸ್ತರರ ಸಂಘ ಎಂದು ಊರೂರು ತಿರುಗಿ ಭಾಷಣ ಮಾಡುತ್ತೀರಂತೆ. ಹಲಗೆಯ ಮೇಲೆ ಇಮೋಷನಲ್ ಇಂಟೆಲಿಜೆನ್ಸ್ ಎಂದು ದೊಡ್ಡದಾಗಿ ಬರೆದು ಅಡಿಯಲ್ಲಿ ಗೆರೆ ಎಳೆಯುತ್ತೀರಂತೆ. ಕೈಕೆಳಗಿನವರ ಮನಸ್ಸು ಅರಿತವನೇ ನಿಜವಾದ ಅಧಿಕಾರಿ, ಮನಸ್ಸು ಹಗುರಾದರೆ ಕೆಲಸ ತಾನಾಗಿ ಸಾಗುತ್ತದೆ ಎನ್ನುತ್ತೀರಂತೆ. ಮಾತು ಸುಳ್ಳಲ್ಲ. ಆದರೆ ಆ ಮಾತು ನಿಮ್ಮ ಬಾಯಿಂದ ಬರುತ್ತಿದೆಯಲ್ಲ, ಅದನ್ನು ಕೇಳಿ ನನಗೆ ನಗು ಬರಬೇಕೋ ವಾಂತಿ ಬರಬೇಕೋ ತಿಳಿಯಲಿಲ್ಲ.

ನಾವಿಬ್ಬರೂ ಕೂಡಿ ಕೆಲಸ ಮಾಡಿದ ಆ ಟೆಲಿಫೋನ್ ಎಕ್ಸ್‌ಚೇಂಜಿನ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದ ಉಳಿದವರು ಒಳ್ಳೆಯವರು, ನಿಮ್ಮ ದೆಸೆಯಿಂದ ಅವರಿಗೆ ಕಪ್ಪು ಹತ್ತುವುದು ಬೇಡ. ಕೃಷ್ಣೆಯ ಆಚೆಗೆ, ಕುಡಚಿ ಸ್ಟೇಷನ್ನಿಗೆ ಹತ್ತಿರ ಎಂದರೆ ನಿಮಗೆ ಸಾಕು. ಎಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಆಪರೇಟರ್ ಆಗಿ ಸೇರಿದಾಗ ಇಡೀ ಊರಿನ ಫೋನು ನಮ್ಮ ಕೈಯಿಂದಲೇ ಹಾಯಬೇಕಿತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಜನ ತಾಸುಗಟ್ಟಲೆ ಕಾಯುತ್ತಿದ್ದರು. ಲೈನು ಸಿಕ್ಕರೂ ದನಿ ಕೇಳುತ್ತಿರಲಿಲ್ಲ. ಆಗ ಆಚೆಯವರ ಮಾತನ್ನು ಈಚೆಯವರಿಗೆ, ಈಚೆಯವರದನ್ನು ಆಚೆಯವರಿಗೆ ನಾವೇ ದಾಟಿಸುತ್ತಿದ್ದೆವು. ಹುಟ್ಟು, ಸಾವು, ಬೀಗತನ, ಜಗಳ, ತಂಬಾಕಿನ ದರ, ಎಲ್ಲವೂ ನಮ್ಮ ಬಾಯಿಂದಲೇ ಹಾದುಹೋಗುತ್ತಿದ್ದವು.

ನೀವು ನಮ್ಮ ಸುಪರ್ವೈಸರ್. ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ಗೋಡೆಯ ಗಡಿಯಾರಕ್ಕೆ ಎದುರಾಗಿ ಕೂರುತ್ತಿದ್ದಿರಿ. ಯಾರು ಎಷ್ಟು ಬೇಗ ಕಾಲ್ ಮುಗಿಸಿ ಮುಂದಿನದಕ್ಕೆ ಹೋದರು ಎಂಬುದೊಂದೇ ನಿಮ್ಮ ಲೆಕ್ಕ. ಆ ಲೆಕ್ಕದಲ್ಲಿ ನಾನು ಯಾವಾಗಲೂ ತಳದಲ್ಲಿದ್ದೆ. "ಆಪರೇಟರ್ ಅಂದ್ರ ತಂತಿ ಇದ್ದಂಗರಿ ಗಂಗೂಬಾಯಿ. ತಂತಿ ಕಧೀ ಮಾತಾಡತೈತೇನು?" ಎಂದು ನಿಪ್ಪಾಣಿಯ ಮರಾಠಿ ಬೆರೆಸಿ ಕೇಳುತ್ತಿದ್ದಿರಿ. ಎಲ್ಲರೂ ನಗುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೇನೆ.

ಆದರೆ ನನ್ನನ್ನು ತಂತಿ ಮಾಡುವುದು ಆಗುವ ಮಾತಾಗಿರಲಿಲ್ಲ. ನನ್ನ ಅಪ್ಪ ಯಾರೆಂದು ನಿಮಗೆ ಗೊತ್ತಿರಲಿಲ್ಲ. ತೆಲಸಂಗದಲ್ಲಿ ಅವನದು ಮೈಕ್ ಸೆಟ್ಟಿನ ಉದ್ಯೋಗ. ಮದುವೆ, ಸಭೆ, ಕುಸ್ತಿ, ಯಾವುದಿದ್ದರೂ ಎರಡು ಭೋಂಗಾ ಸ್ಪೀಕರು ಕಟ್ಟಿ, ಮೈಕಿನ ಮುಂದೆ ನಿಂತು ಊರಿಗೆಲ್ಲ ಕೂಗಿ ಹೇಳುವವನು ಅವನೇ. ಅವನು ಮೈಕ್ ಹಿಡಿದರೆ ಊರು ಸುಮ್ಮನಾಗುತ್ತಿತ್ತು. ನನಗೆ ನೌಕರಿ ಸಿಕ್ಕ ದಿನ ಅವನು ಹೇಳಿದ್ದು ಇಷ್ಟೇ: "ಫೋನಿನ್ಯಾಗ ಮಂದಿಗೆ ನಿನ್ನ ಮಾರಿ ಕಾಣೂದಿಲ್ಲವ್ವ. ದನಿಯೊಳಗ ಮಾರಿ ಕಾಣಸ್ಬೇಕು." ಅವನು ಶಾಲೆ ಕಲಿತವನಲ್ಲ, ಹಲಗೆಯ ಮೇಲೆ ಬರೆದು ಗೆರೆ ಎಳೆದವನೂ ಅಲ್ಲ.

ಅಂಕಲಿಯ ಅಣ್ಣಾಸಾಬ ನೆನಪಿದ್ದಾರೆಯೇ? ಕಬ್ಬು, ಬೆಲ್ಲ, ದೊಡ್ಡ ಜೈನ ಮನೆತನ, ಅದಕ್ಕಿಂತ ದೊಡ್ಡ ಬಾಯಿ. ಕೊಲ್ಲಾಪುರದ ಲೈನು ಸಿಗದಿದ್ದರೆ ಎಕ್ಸ್‌ಚೇಂಜಿಗೆ ಬೆಂಕಿ ಹಚ್ಚುತ್ತೇನೆ ಎನ್ನುತ್ತಿದ್ದರು. ನೀವೊಮ್ಮೆ ಅವರಿಗೆ ನಿಯಮ ಓದಿ ಹೇಳಿದ್ದಕ್ಕೆ ಅವರು ಜೀಪು ಹತ್ತಿ ಬಂದು ನಿಮ್ಮ ಕಾಲರ್ ಹಿಡಿದಿದ್ದರು. ಮರುದಿನದಿಂದ ಅವರ ಫೋನು ನನ್ನ ಬೋರ್ಡಿಗೆ ಬಂತು. "ಮಾಮಾ, ಮೊದಲ ಬೈದು ಮುಗಸ್ರಿ. ಆಮ್ಯಾಲ ನಂಬರ್ ಹೇಳ್ರಿ, ನಾ ಎಲ್ಲೂ ಹೋಗೂದಿಲ್ಲ" ಎಂದೆ. ಆ ಕಡೆ ಮನುಷ್ಯ ನಕ್ಕುಬಿಟ್ಟರು. ಅಂದಿನಿಂದ ನಮ್ಮ ಆಫೀಸಿನ ಮೇಲೆ ಒಂದು ತಕರಾರು ಬರೆದವರಲ್ಲ, ಬೇರೆಯವರಿಗೆ ಬರೆಯಗೊಟ್ಟವರೂ ಅಲ್ಲ. ತಕರಾರಿಲ್ಲದ ಎಕ್ಸ್‌ಚೇಂಜ್ ಎಂದು ಇಲಾಖೆ ಶೀಲ್ಡ್ ಕೊಟ್ಟಿತು. ಅದನ್ನು ಎದೆಗೆ ಅವಚಿಕೊಂಡು ಫೋಟೋ ತೆಗೆಸಿಕೊಂಡವರು ನೀವು. ಆ ವರ್ಷದ ಗೌಪ್ಯ ವರದಿಯಲ್ಲಿ ನನ್ನ ಬಗ್ಗೆ ನೀವು ಬರೆದದ್ದು, ಭಾವುಕಳು, ಕೆಲಸದಲ್ಲಿ ನಿಧಾನ.

ಅದನ್ನೂ ನುಂಗಿಕೊಂಡಿದ್ದೆ. ನೌಕರಿಯಲ್ಲಿ ಇಂಥದ್ದೆಲ್ಲ ಇರುವುದೇ. ನುಂಗಲಾರದ್ದು ಮುಂದೆ ಬಂತು.

ನಮ್ಮ ಕಡೆಯ ರೂಢಿ ನಿಮಗೆ ಹೇಳಿಕೊಡಬೇಕಿಲ್ಲ. ಸತ್ತ ಸುದ್ದಿಯನ್ನು ಫೋನಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆರಾಮಿಲ್ಲ, ಸೀರಿಯಸ್ ಐತಿ, ಹೊರಟು ಬರ್ರಿ ಎನ್ನುತ್ತಾರೆ. ಕೇಳಿದವರೂ ಮುಂದೆ ಏನೂ ಕೇಳುವುದಿಲ್ಲ. ಬಂಧುಗಳಿಗೆ ಹೇಳಿ ಕಳಿಸುತ್ತಾರೆ, ಅಂಗಳ ತೆರವು ಮಾಡುತ್ತಾರೆ. ಹೇಳುವವರ ಮೇಲೆ ಭಾರ ಬೀಳದಿರಲಿ, ಕೇಳುವವರು ದಾರಿಯಲ್ಲಿ ಕುಸಿಯದಿರಲಿ ಎಂದು ಹಿರಿಯರು ಮಾಡಿಟ್ಟ ದಾರಿ ಅದು. ಒಳ್ಳೆಯ ದಾರಿಯೇ. ಆದರೆ ಅದರಲ್ಲೊಂದು ಪೇಚಿದೆ. ನಿಜವಾಗಿಯೂ ಜೀವ ಹಿಡಿದುಕೊಂಡು ಮಲಗಿದವರ ಸುದ್ದಿಯನ್ನು ಹೇಗೆ ಹೇಳುವುದು?

ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮೊದಲು ಹತ್ತಿರ ಯಾರಿದ್ದಾರೆ ಎಂದು ಕೇಳುತ್ತಿದ್ದೆ. ನಿಂತಿದ್ದರೆ ಕೂರಿಸುತ್ತಿದ್ದೆ. ಆಮೇಲೆ, ಜೀವ ಇದ್ದದ್ದೇ ನಿಜವಾದರೆ, ನನ್ನ ಬಾಯಿಂದ ಬರುವ ಮೊದಲ ಮಾತು "ಜೀವ ಐತಿ" ಎಂಬುದೇ. ಕಾಗವಾಡದ ಕಡೆಯ ಒಬ್ಬ ತಾಯಿಗೆ ಪುಣೆಯಿಂದ ಮಗನ ಅಪಘಾತದ ಸುದ್ದಿ ಬಂದಾಗ "ಜೀವ ಐತಿ, ಕಾಲು ಮುರದೈತಿ, ಮಾತಾಡಾಕತ್ತಾನ, ಈಗ ಹೊಂಟ್ರ ನಾಳೆ ನೋಡ್ತೀರಿ" ಎಂದು ಒಂದೇ ಉಸಿರಿಗೆ ಹೇಳಿದ್ದೆ. ಆಕೆ ಆಮೇಲೆ ಆ ಮಗನನ್ನು ಕುಂಟಿಸಿಕೊಂಡು ಕರೆತಂದು ನನಗೆ ಉಡಿ ತುಂಬಿ ಹೋದಳು. ಬರಬರುತ್ತ ಸುತ್ತಲಿನ ಹಳ್ಳಿಗಳಿಗೆ ಈ ಪದ್ಧತಿ ಗೊತ್ತಾಯಿತು. ಪಕ್ಕದ ಬೋರ್ಡಿನ ಲಕ್ಷ್ಮಿಬಾಯಿ, ಉಳಿದ ಹುಡುಗಿಯರು, ಎಲ್ಲರೂ ಹಾಗೆಯೇ ಹೇಳತೊಡಗಿದರು. ನಮ್ಮ ಎಕ್ಸ್‌ಚೇಂಜಿನಿಂದ ಜೀವ ಐತಿ ಎಂಬ ಮಾತು ಬಂದರೆ ಜನ ಓಡುತ್ತಿದ್ದರು. ಬರದಿದ್ದರೆ ಕುಳಿತು ಅಳುತ್ತಿದ್ದರು.

ನೀವು ಅದನ್ನು ನಿಲ್ಲಿಸಿದಿರಿ. ಬೋರ್ಡಿನ ಮೇಲ್ಗಡೆ ಟೈಪು ಮಾಡಿದ ಹಾಳೆ ಅಂಟಿಸಿದಿರಿ. ಆಪರೇಟರುಗಳು ಸ್ವಂತ ಮಾತು ಸೇರಿಸತಕ್ಕದ್ದಲ್ಲ. ನಾನು ನಿಮ್ಮ ಮೇಜಿನ ಮುಂದೆ ನಿಂತು ಆ ಮಾತಿನ ಬೆಲೆ ಏನೆಂದು ವಿವರಿಸಿ ಹೇಳಿದ್ದೆ. ಜೀವ ಐತಿ ಎನ್ನದಿದ್ದರೆ ಮಂದಿ ಸತ್ತರೆಂದೇ ತಿಳಿಯುತ್ತಾರೆ ಎಂದಿದ್ದೆ. ನೀವು ಪೆನ್ನಿನಿಂದ ಕಿವಿ ಕೆರೆದುಕೊಳ್ಳುತ್ತ, "ಮಂದಿ ಏನ್ ತಿಳಕೊಂತಾರ ಅನ್ನೂದು ನಮ್ಮ ಡ್ಯೂಟಿ ಅಲ್ರಿ" ಎಂದಿರಿ. ಈ ಮಾತನ್ನು ಜ್ಞಾಪಕದಲ್ಲಿಡಿ ಸಾಹೇಬರೇ. ಆ ಹೊತ್ತಿಗೆ ನಿಮಗೆ ಎಲ್ಲವೂ ಗೊತ್ತಿತ್ತು, ನಾನೇ ಹೇಳಿದ್ದೆ.

ಎಂಬತ್ತೇಳರ ಶ್ರಾವಣ. ಅಪ್ಪನನ್ನು ಹೊಟ್ಟೆಯ ಆಪರೇಷನ್ನಿಗೆ ಮಿರಜದ ದವಾಖಾನೆಗೆ ಸೇರಿಸಿದ್ದೆವು. ತಮ್ಮ ಭೀಮಸಿ ಜೊತೆಗಿದ್ದ. ನಾನು ರಜೆ ಕೇಳಿದ್ದೆ, ನೀವು ಕೊಟ್ಟಿರಲಿಲ್ಲ. ಬೆಳಗಿನ ಪಾಳಿಯಲ್ಲಿ ಲಕ್ಷ್ಮಿಬಾಯಿ ತನ್ನ ಬೋರ್ಡಿನಿಂದ ತಿರುಗಿ, "ಗಂಗವ್ವ, ಮಿರಜಿಂದ ನಿಮ್ಮ ಭೀಮಸಿ" ಎಂದಳು. ನಾನು ಎದ್ದೆ. ನೀವು ಕೈ ಅಡ್ಡ ಹಿಡಿದಿರಿ. "ಡ್ಯೂಟಿ ಮ್ಯಾಲ ಖಾಸಗಿ ಫೋನ್ ಇಲ್ಲ. ನಾ ತಗೊಂತೇನಿ, ನೀವು ಕುಂದರ್ರಿ" ಎಂದು ಅವಳ ಹೆಡ್‌ಸೆಟ್ ತೆಗೆದುಕೊಂಡಿರಿ. ನನಗೆ ಕಂಡದ್ದು ನಿಮ್ಮ ಬೆನ್ನು ಮಾತ್ರ. ಹಾಂ, ಹಾಂ, ಗೊತ್ತಾತು ಎಂದಿರಿ, ಇಟ್ಟಿರಿ.

ಭೀಮಸಿ ಆವತ್ತು ಹೇಳಿದ್ದನ್ನು ನಾನು ಅವನ ಬಾಯಿಂದಲೇ ಕೇಳಿದ್ದೇನೆ. "ಸಾಹೇಬ್ರ, ಅಪ್ಪನ ಜೀವ ಐತಿ, ಆದ್ರ ಡಾಕ್ಟರ್ ಹೊತ್ತು ಮುಳುಗೂತನಕ ಅಂದಾರ. ಮಾತಾಡಾಕತ್ತಾನ, ಗಂಗವ್ವನ್ನ ಕೇಳಾಕತ್ತಾನ. ಅಕಿನ್ನ ಸೀದಾ ಮಧ್ಯಾಹ್ನದ ಗಾಡಿಗೆ ಹತ್ತಸ್ರಿ, ಎಲ್ಲೂ ನಿಂದರೂದು ಬ್ಯಾಡ." ಇಷ್ಟು ಸುದ್ದಿ ನಿಮ್ಮ ಕಿವಿಗೆ ಬಿತ್ತು. ನೀವು ನನ್ನ ಕಡೆ ತಿರುಗಿ, "ನಿಮ್ಮ ತಂದಿ ಸೀರಿಯಸ್ ಅದಾರಂತ. ರಜಾ ಕೊಟ್ಟೇನಿ, ಹೋಗ್ರಿ" ಎಂದಿರಿ.

ಇನ್ನೇನಾದರೂ ಹೇಳಿದನೇ ಎಂದು ಕೇಳಿದೆ. "ಅಷ್ಟ" ಎಂದಿರಿ. ಒಮ್ಮೆ ಮಿರಜಕ್ಕೆ ಫೋನು ಹಚ್ಚಲೇ ಎಂದು ಕೇಳಿದೆ. "ಲೈನ್ ಬಿಜಿ ಐತಿ" ಎಂದು ಗಡಿಯಾರ ನೋಡಿದಿರಿ. ಕೇಳಿದಾಗ ರಜೆ ಕೊಡದ ಮನುಷ್ಯ ಕೇಳದೆ ಕೊಟ್ಟಿರಿ. ನನ್ನ ಮುಖ ನೋಡಲಿಲ್ಲ. ಜೀವ ಐತಿ ಎನ್ನಲಿಲ್ಲ. ಊರಿನ ಎಷ್ಟೋ ಜನರಿಗೆ ಸುದ್ದಿ ಮುಟ್ಟಿಸಿದವಳಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು? ಅಪ್ಪ ಹೋದ ಎಂದೇ ತಿಳಿದೆ.

ಹೋದವನನ್ನು ನೋಡಲು ಮಿರಜಕ್ಕೆ ಯಾರು ಓಡುತ್ತಾರೆ? ಹೆಣ ಊರಿಗೇ ಬರುತ್ತದೆ, ಭೀಮಸಿ ಆಗಲೇ ಜೀಪು ಮಾಡಿರುತ್ತಾನೆ, ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಹೀಗೆ ಲೆಕ್ಕ ಹಾಕಿ ಮಿರಜಕ್ಕೆ ಬೆನ್ನು ಮಾಡಿ ಅಥಣಿಯ ಬಸ್ಸು ಹತ್ತಿದೆ. ಬಸ್ಸು ಕೃಷ್ಣೆ ದಾಟುವಾಗ ಕುಡಚಿಯ ಕಡೆ ರೈಲುಗಾಡಿಯ ಸಿಳ್ಳು ಕೇಳಿಸಿತು. ನಾನು ಹತ್ತಬೇಕಾಗಿದ್ದ ಗಾಡಿ ಅದು.

ತೆಲಸಂಗದಲ್ಲಿ ಇಳಿದು ಮನೆ ಮುಟ್ಟಿದಾಗ ಅವ್ವ ಒಳಕಲ್ಲಿನ ಮುಂದೆ ಖಾರ ಅರೆಯುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು. "ಅಪ್ಪಗ ಸೀರಿಯಸ್ ಅಂತವ್ವ" ಎಂದೆ. ನನ್ನ ಅವ್ವ ಚನ್ನವ್ವ ಎಂದರೆ ಆಪರೇಟರಳ ತಾಯಿ, ಆಕೆಗೂ ಪದ್ಧತಿ ಗೊತ್ತು. "ಜೀವ ಐತಂತೇನ?" ಎಂದು ಕೇಳಿದಳು. "ಅದನ್ನ ಅಂದಿಲ್ಲವ್ವ" ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಹೆಣ ಬರೂತನಕ ತಡಿಯವ್ವ ಎಂದು ನೆರೆಯವರು ಬಂದು ಹಿಡಿಯುವಷ್ಟರಲ್ಲಿ ಅವ್ವ ಎರಡೂ ಕೈಯನ್ನು ಒಳಕಲ್ಲಿಗೆ ಅಪ್ಪಳಿಸಿದ್ದಳು. ಹಸಿರು ಬಳೆಯ ಚೂರು ಅರೆದ ಖಾರದಲ್ಲಿ ಬಿದ್ದವು. ಸೆರಗಿನಿಂದ ಕುಂಕುಮ ಒರೆಸಿಕೊಂಡಳು.

ಆ ಹೊತ್ತಿಗೆ ಮಿರಜದಲ್ಲಿ ನನ್ನ ಅಪ್ಪ ಬದುಕಿದ್ದ. ಮಧ್ಯಾಹ್ನದ ಗಾಡಿ ಬಂದು ಹೋದ ಮೇಲೆ "ಗಂಗವ್ವ ಬಂದಳೇನು" ಎಂದು ಕೇಳಿದನಂತೆ. ಭೀಮಸಿ ಸ್ಟೇಷನ್ನಿಗೆ ಮನುಷ್ಯನನ್ನು ಕಳಿಸಿದ್ದ, ಅವನು ಬರಿಗೈಲಿ ಬಂದ. ಮುಂದಿನ ಗಾಡಿಗೆ ಬರುತ್ತಾಳೆ ಎಂದು ಸಮಾಧಾನ ಹೇಳಿದರು. ಅಪ್ಪ ಮತ್ತೆ ಕೇಳಿದ. ಆಮೇಲೆ ಬಾಗಿಲ ಕಡೆ ಮಗ್ಗುಲಾಗಿ ಮಲಗಿಸು ಎಂದ. ಊರಿಗೆಲ್ಲ ಕೇಳುವಂತೆ ಕೂಗಿ ಬದುಕಿದ ಮನುಷ್ಯ, ಕೊನೆಗೆ ಅವನ ದನಿ ಮಂಚದ ಪಕ್ಕದವರಿಗೂ ಕೇಳುತ್ತಿರಲಿಲ್ಲವಂತೆ.

ದೀಪ ಹಚ್ಚುವ ಹೊತ್ತು ಮೀರಿ ಜೀಪು ಅಂಗಳಕ್ಕೆ ಬಂತು. ಭೀಮಸಿ ಇಳಿದವನೇ ಅವ್ವನ ಬರಿಗೈ ನೋಡಿದ, ನನ್ನನ್ನು ನೋಡಿದ. "ಹೊತ್ತು ಮುಳುಗೂತನಕ ಇದ್ದಲ್ಲಬೇ ಅಪ್ಪ. ನೀ ಯಾಕ ಬರ್ಲಿಲ್ಲ?" ಎಂದ. ಅವ್ವ ತನ್ನ ಮುಂಗೈಯನ್ನೇ ತಿರುವಿ ತಿರುವಿ ನೋಡಿಕೊಂಡಳು.

ಜೀವಂತ ಗಂಡನ ಬಳೆ ಒಡೆದವಳು ಎಂದು ನನ್ನ ಅವ್ವನಿಗೆ ಊರಿನವರು ಯಾರೂ ಅನ್ನಲಿಲ್ಲ. ಅವಳೇ ಅಂದುಕೊಂಡಳು. ಬಂದವರಿಗೆಲ್ಲ, "ನಾ ಬಳಿ ಒಡದಾಗ ಅಂವ ಇದ್ದಾ. ನಾನ ಅಂವನ್ನ ಕಳಿಸಿದೆ" ಎನ್ನುತ್ತಿದ್ದಳು. ಸ್ವಾಮಿಗಳು ತಿಳಿಸಿ ಹೇಳಿದರು, ಡಾಕ್ಟರು ಹೇಳಿದರು, ಕಾಲು ಹಿಡಿದು ನಾನು ಹೇಳಿದೆ. ಕೇಳಲಿಲ್ಲ. ತೊಂಬತ್ತನಾಲ್ಕರಲ್ಲಿ ಅದನ್ನೇ ಹೇಳುತ್ತ ತೀರಿಕೊಂಡಳು. ನನ್ನ ಮನೆಯಲ್ಲಿ ನೀವು ಕೆಡಿಸಿದ್ದು ಒಂದು ಸಾವನ್ನಷ್ಟೇ ಅಲ್ಲ, ಅವ್ವನ ಉಳಿದ ಬಾಳನ್ನೂ.

ದಿನಕರ್ಮ ಮುಗಿಸಿ ಬಂದು ನಾನು ನಿಮ್ಮನ್ನು ಕೇಳಿದ್ದೆ. ಬಳೆಯ ಸಂಗತಿಯನ್ನೂ ಹೇಳಿ ಅತ್ತಿದ್ದೆ, ನೆನಪಿರಲಿ. ಆಗ ನೀವು ಅಂದದ್ದು: "ಸೀರಿಯಸ್ ಅಂತ ಹೇಳೇನಲ್ರಿ. ನೀವು ತಪ್ಪು ತಿಳಕೊಂಡ್ರ ನಾ ಏನ್ ಮಾಡ್ಲಿ? ಬೋರ್ಡಿಗೆ ಕುಂದರ್ರಿ, ಕಾಲ್ ನಿಂತಾವ." ನಾನು ಹೋಗಿ ಕುಳಿತೆ. ಆ ವರ್ಷವೂ ವರದಿಯಲ್ಲಿ ಭಾವುಕಳು ಎಂದೇ ಬರೆದಿರಿ, ಅದು ಕೆಲಸದ ಮೇಲೆ ಪರಿಣಾಮ ಬೀರುತ್ತಿದೆ ಎಂದು ಸೇರಿಸಿದಿರಿ. ನನ್ನ ಬಡ್ತಿ ನಿಂತಿತು, ನಿಮ್ಮದು ಆಯಿತು. ನಿಮಗೆ ಕೆಟ್ಟದ್ದಾಗಲಿ ಎಂದು ನಾನು ಸೋಮವಾರ ತಪ್ಪದೆ ಊದುಬತ್ತಿ ಹಚ್ಚುತ್ತಿದ್ದ ಕಾಲವೂ ಒಂದಿತ್ತು. ದೇವರು ಆ ಹೊಗೆಯನ್ನೆಲ್ಲ ನಿಮ್ಮ ಪ್ರಮೋಷನ್ನಿಗೇ ಖರ್ಚು ಮಾಡಿದ ಎಂದು ಕಾಣುತ್ತದೆ.

ಆಮೇಲೆ ಬೋರ್ಡುಗಳು ಹೋದವು, ಆಟೋಮ್ಯಾಟಿಕ್ ಬಂತು. ಆಪರೇಟರುಗಳನ್ನು ಕೌಂಟರುಗಳಿಗೆ ಹಾಕಿದರು. ನಾನು ಅಥಣಿಗೆ ಬಂದೆ, ತಡವಾಗಿಯಾದರೂ ಮೇಲಕ್ಕೆ ಹೋದೆ, ಈಗ ನನ್ನ ಕೈಕೆಳಗೂ ಜನರಿದ್ದಾರೆ. ನಿಮ್ಮನ್ನು ಮರೆತೆ ಎಂದಲ್ಲ. ಎದ್ದು ಕೂತಾಗೆಲ್ಲ ನೆನೆಯುವುದನ್ನು ಬಿಟ್ಟಿದ್ದೆ. ಆಗ ನೀವೇ ಫೋನು ಮಾಡಿದಿರಿ. ಮಗಳಿಗೆ ಇಲಾಖೆಯಲ್ಲಿ ನೌಕರಿ ಸಿಕ್ಕಿದೆ, ಅಥಣಿಗೇ ಹಾಕಿದ್ದಾರೆ. "ನಮ್ಮ ಹುಡುಗಿ ಇನ್ನ ನಿಮ್ಮ ಕೈಯಾಗರಿ ಗಂಗೂಬಾಯಿ, ನಿಮ್ಮ ಮಗಳಂತ ತಿಳೀರಿ" ಎಂದಿರಿ. ಆ ದನಿಯಲ್ಲಿ ಅಂಜಿಕೆ ಇರಲಿಲ್ಲ, ನಾಚಿಕೆ ಇರಲಿಲ್ಲ. ನಾನು ಎಲ್ಲವನ್ನೂ ಮರೆತಿದ್ದೇನೆ ಎಂದು ನೀವು ನಂಬಿದ್ದಿರಿ. ಮನಸ್ಸು ಅರಿಯುವ ವಿದ್ಯೆ ಕಲಿಸುವವರು ಒಮ್ಮೆಯಾದರೂ ಅನುಮಾನ ಪಡಬೇಡವೇ?

ಸೋನಾಬಾಯಿ. ಅಜ್ಜಿಯ ಹೆಸರಂತೆ, ನಾವೆಲ್ಲ ಸೋನಾ ಎನ್ನುತ್ತೇವೆ. ಮೊದಲ ದಿನ ಅವಳು ಬಂದು ನಿಂತಾಗ ಕಂಡದ್ದು ನಿಮ್ಮ ಮೂಗು. ಅವಳ ಗೌಪ್ಯ ವರದಿ ಬರೆಯುವವಳು ನಾನೇ. ಒಂದು ಸಾಲು ಸಾಕಿತ್ತು, ನೀವು ಬಳಸಿದ ಸಾಲೇ ಸಾಕಿತ್ತು. ಆದರೆ ಅದೇ ವಾರ ರಾವಸಾಹೇಬ ಎಂಬ ಹಿರಿಯ ರೈತರು ಲೈನು ಸತ್ತು ಎಷ್ಟು ದಿನವಾಯಿತು ಎಂದು ಕೌಂಟರು ಬಡಿದು ಕೂಗಾಡಿದಾಗ, ಈ ಹುಡುಗಿ ಹೊರಗೆ ಎದ್ದು ಬಂದು ಅವರಿಗೆ ಕುರ್ಚಿ ಹಾಕಿದಳು. ನೀರು ಕೊಟ್ಟು, "ಮನಿಯಾಗ ಯಾರಿಗರೆ ಆರಾಮಿಲ್ಲೇನ್ರಿ ಅಜ್ಜಾರ?" ಎಂದು ಕೇಳಿದಳು. ಮುದುಕ ಗಳಗಳ ಅತ್ತರು. ಮೊಮ್ಮಗ ಸಾಂಗ್ಲಿಯ ದವಾಖಾನೆಯಲ್ಲಿದ್ದ, ಫೋನು ಬರುವ ದಾರಿ ಕಾಯುತ್ತಿದ್ದರು. ಸೋನಾ ಆವತ್ತು ಸಂಜೆಯೊಳಗೆ ಲೈನ್‌ಮನ್ ಬಾಳಾಸಾಬನನ್ನು ಬೆನ್ನು ಹತ್ತಿ ಆ ಲೈನು ಜೋಡಿಸಿದಳು. ನಾನು ಅವಳ ವರದಿಯಲ್ಲಿ ಅತ್ಯುತ್ತಮ ಎಂದು ಬರೆದೆ. ಸಿಟ್ಟು ನಿಮ್ಮ ಮೇಲಿನದು, ಅದನ್ನು ನಿಮಗೇ ಎಂದು ತೆಗೆದಿಟ್ಟೆ.

ಆ ಬಾಳಾಸಾಬನೇ ಚಿಕ್ಕೋಡಿಯಲ್ಲಿ ನಿಮ್ಮ ಭಾಷಣ ಕೇಳಿ ಬಂದ. "ಅಕ್ಕಾರ, ನಿಮ್ಮ ಅಪ್ಪಾರ ಸುದ್ದಿ ಸಾಹೇಬ್ರು ಹೆಂಗ ಹೇಳಿದ್ರಂತ ಹೇಳಾಕತ್ತಿದ್ರ. ಮಂದಿ ಕಣ್ಣೀರ ಹಾಕ್ಯಾರ" ಎಂದ. ನಾನು ಬಿಡಿಸಿ ಬಿಡಿಸಿ ಕೇಳಿದೆ. ನಿಮ್ಮ ಕಥೆಯಲ್ಲಿ ನೀವು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೀರಿ. ನೀರು ಕೊಡುತ್ತೀರಿ. "ಜೀವ ಐತಿ ಮಗಳ, ಧೈರ್ಯ ತಗೋ" ಎನ್ನುತ್ತೀರಿ. ನನ್ನದೇ ಮಾತು ಕದ್ದು ನನಗೇ ಹೇಳುತ್ತೀರಿ. ನೀವೇ ಕುಡಚಿಗೆ ಕರೆದೊಯ್ದು ಮಧ್ಯಾಹ್ನದ ಗಾಡಿಗೆ ಹತ್ತಿಸುತ್ತೀರಿ. ನಾನು ಮಿರಜ ಮುಟ್ಟುತ್ತೇನೆ. ಅಪ್ಪ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚುತ್ತಾನೆ.

ಅದನ್ನು ಕೇಳಿ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಸುಳ್ಳು ಹೇಳಿದಿರಿ ಎಂದಲ್ಲ ಸಾಹೇಬರೇ. ಏನು ಹೇಳಬೇಕಿತ್ತು, ಏನು ಮಾಡಬೇಕಿತ್ತು ಎಂಬುದು ನಿಮಗೆ ಒಂದೊಂದೂ ಗೊತ್ತಿದೆ. ಕುರ್ಚಿ ಗೊತ್ತು, ನೀರು ಗೊತ್ತು, ಗಾಡಿ ಗೊತ್ತು. ನಮ್ಮ ಬಾಳಿನಿಂದ ಕಿತ್ತುಕೊಂಡದ್ದನ್ನು ನೀವು ಊರೂರಿನಲ್ಲಿ ಹಂಚಿ ಚಪ್ಪಾಳೆ ತೆಗೆದುಕೊಳ್ಳುತ್ತಿದ್ದೀರಿ.

ಇದಾದ ಮೇಲೆ, ಹೋದ ವಾರ, ನಿಮ್ಮ ಪತ್ರಿಕೆ ಬಂದ ಮರುದಿನ, ಸೋನಾ ಮತ್ತು ನಾನು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ರೊಟ್ಟಿ, ಶೇಂಗಾ ಚಟ್ನಿ, ಅವಳು ತಂದ ಮಡಕಿ ಕಾಳಿನ ಪಲ್ಯ. ಅವಳು ತಾನಾಗಿಯೇ ಮಾತು ತೆಗೆದಳು. "ಅಕ್ಕಾರ, ಪಪ್ಪಾ ನಿಮ್ಮ ಕಥಿ ಹೇಳಿದಾಗೆಲ್ಲ ಸಣ್ಣಾಕಿ ಇದ್ದಾಗಿಂದ ಅಳತೇನ್ರಿ ನಾ. ಅದನ್ನ ಕೇಳೇ ಈ ನೌಕರಿಗೆ ಬಂದೇನಿ. ನಿಮ್ಮ ಅಪ್ಪಾರು ಕೈ ಹಿಡದು ಏನಂದ್ರಿ?"

ಹಾಗೆ ಕೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಕೇಳಿದ ಮೇಲೆ ಸುಳ್ಳು ಹೇಳಲೂ ಇಲ್ಲ. ಸೋನಾಳಿಗೆ ನೋವಾಗುತ್ತದೆ ಎಂದು ಗೊತ್ತಿತ್ತು, ಆದರೂ ಹೇಳಿದೆ. ಫೋನು, ನಿಮ್ಮ ಬೆನ್ನು, ಅಥಣಿಯ ಬಸ್ಸು, ಒಳಕಲ್ಲು, ಎಲ್ಲವನ್ನೂ. ಅವಳ ಕೈಯಲ್ಲಿದ್ದ ತುತ್ತು ಹಾಗೇ ಇತ್ತು. ಅವಳು ಅಪ್ಪನನ್ನು ವಹಿಸಿಕೊಂಡು ಬರಲಿಲ್ಲ, ನನ್ನ ಮೇಲೆ ಸಿಟ್ಟಿಗೂ ಏಳಲಿಲ್ಲ. ತುತ್ತನ್ನು ಡಬ್ಬಿಗೆ ಇಟ್ಟು, "ಅವ್ವಾರು ಬಳಿ ಒಡಕೊಂಡಿದ್ದು ಪಪ್ಪಾಗ ಗೊತ್ತೈತೇನ್ರಿ?" ಎಂದು ಕೇಳಿದಳು. "ಗೊತ್ತೈತಿ. ಆಗ ನಾನ ಹೇಳೇನಿ" ಎಂದೆ. ಅವಳು ಡಬ್ಬಿ ಮುಚ್ಚಿದಳು.

ಮರುದಿನ ಬೆಳಿಗ್ಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. "ಸತ್ಕಾರದ ಹಿಂದಿನ ದಿನ, ಶನಿವಾರ, ಊರಿಗೆ ಹೋಗ್ತೇನ್ರಿ. ಪಪ್ಪಾ ತಾವಾಗಿ ಖರೆ ಹೇಳ್ತಾರೇನು ನೋಡ್ತೇನಿ. ನಾ ಕೇಳತೇನಿ, ನಿಮ್ಮ ಕಥಿ ಇನ್ನೊಮ್ಮೆ ಹೇಳ್ರಿ ಅಂತ. ಮನಿಯಾಗ ಸುಳ್ಳ ಹೇಳಿದ್ರೂ ತಡಕೊಂತೇನ್ರಿ. ಸ್ಟೇಜ್ ಮ್ಯಾಲರೆ ಖರೆ ಹೇಳ್ಲಿ. ಅಲ್ಲೂ ಹೇಳಲಿಲ್ಲ ಅಂದ್ರ ಮುಂದ ನಾ ಅವರ ಮಗಳಾಗಿ ಇರೂದು ಕಷ್ಟ ಐತ್ರಿ." ಅಲ್ಲಿಯವರೆಗೆ ನಿಮಗೆ ಏನೂ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಹೀಗಾಗಿ ಶನಿವಾರ ಸಂಜೆ ನಿಮ್ಮ ಮನೆಯಲ್ಲಿ ಒಬ್ಬಳು ಕಾಯುತ್ತಾಳೆ. ಚಹಾ ಕೊಟ್ಟು ಎದುರಿಗೆ ಕೂರುತ್ತಾಳೆ. ಪಪ್ಪಾ, ಗಂಗಕ್ಕಾರ ಕಥಿ ಹೇಳ್ರಿ ಎನ್ನುತ್ತಾಳೆ. ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿದರೆ ಸಾಕು, ಇವಳಿಗೆ ಎಲ್ಲ ಗೊತ್ತಿದೆ ಎಂದು ಯಾವ ಮೂಢನಿಗೂ ತಿಳಿಯುತ್ತದೆ. ತಪ್ಪಾಯಿತು ಮಗಳೇ ಎಂಬ ಒಂದು ಮಾತಿಗೆ ಅವಳು ಕರಗಿಬಿಡುತ್ತಾಳೆ, ಅಂಥ ಹುಡುಗಿ ಅವಳು. ರವಿವಾರ ವೇದಿಕೆಯ ಮೇಲೆ ಹೇಳಿದರೂ ಕರಗುತ್ತಾಳೆ. ಮೊದಲ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿರುತ್ತಾಳೆ. ನನ್ನನ್ನು ಮೇಲೆ ಕರೆದರೆ ನಾನು ಬರುವುದಿಲ್ಲ, ಸಾಹೇಬರೇ ಹೇಳಲಿ ಎಂದು ಕೂತಲ್ಲಿಂದಲೇ ಕೈ ಮುಗಿಯುತ್ತೇನೆ. ನೀವು ಹೇಳುತ್ತೀರಿ. ಕುರ್ಚಿ ಎಳೆಯುತ್ತೀರಿ, ನೀರು ಕೊಡುತ್ತೀರಿ, ಗಾಡಿಗೆ ಹತ್ತಿಸುತ್ತೀರಿ.

ನಿಮ್ಮನ್ನು ನಾನು ಬಲ್ಲೆ, ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಎರಡು ದಿನ ಮಗಳು ಎದುರಿಗೇ ಇದ್ದರೂ ನೀವು ಅವಳ ಮುಖ ನೋಡುವುದಿಲ್ಲ. ಆಫೀಸಿನಲ್ಲಿ ಕೆಲಸ ಹೆಚ್ಚಾಗಿದೆ, ಅದಕ್ಕೆ ಹುಡುಗಿ ಸಪ್ಪಗಿದ್ದಾಳೆ ಎಂದುಕೊಳ್ಳುತ್ತೀರಿ.

ಇದನ್ನು ಇಂದೇ ಅಂಚೆ ಡಬ್ಬಿಗೆ ಹಾಕಿದರೆ ಶನಿವಾರ ಬೆಳಿಗ್ಗೆ ನಿಪ್ಪಾಣಿ ಮುಟ್ಟುತ್ತದೆ. ನೀವು ಓದುತ್ತೀರಿ, ಬೆವರುತ್ತೀರಿ, ಸಂಜೆ ಮಗಳು ಬಂದಾಗ ಅವಳ ಕೈ ಹಿಡಿದು ಖರೆ ಹೇಳುತ್ತೀರಿ. ಅವಳು ನಿಮಗೆ ಉಳಿಯುತ್ತಾಳೆ. ಸುದ್ದಿ ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ ಮುಟ್ಟಿದರೆ ಮನುಷ್ಯ ಏನೇನನ್ನು ಉಳಿಸಿಕೊಳ್ಳಬಹುದು ಎಂದು ನನಗಿಂತ ಹೆಚ್ಚು ಬಲ್ಲವರು ಯಾರು? ಎಷ್ಟೋ ಜನರಿಗೆ ಹಾಗೆ ಮುಟ್ಟಿಸಿದ್ದೇನೆ. ಸೋನಾಳಿಗೆ ಮಾತು ಕೊಡದಿದ್ದರೂ ನಿಮಗೆ ಮಾತ್ರ ಮುಟ್ಟಿಸುತ್ತಿರಲಿಲ್ಲ.

ಈ ಪತ್ರವನ್ನು ನಾನು ಸೋಮವಾರ ಹಾಕುತ್ತೇನೆ.

ಸೋನಾಳಿಗೆ ನನ್ನ ತುಂಬು ಆಶೀರ್ವಾದ. ಅವಳಿಗೆ ಅಥಣಿಯಲ್ಲಿ ಒಂದು ಮನೆಯಿದೆ, ರೊಟ್ಟಿ ಬಡಿದು ಕೊಡುವ ಒಬ್ಬ ಅಕ್ಕ ಇದ್ದಾಳೆ. ನಿಮಗೆ ದೀರ್ಘಾಯುಷ್ಯ ಬೇಡಿಕೊಳ್ಳುತ್ತೇನೆ. ಕಿವಿ ಚುರುಕಾಗಿರಲಿ, ಕಣ್ಣು ಮಂಜಾಗದಿರಲಿ, ಬಾಗಿಲ ಕಡೆ ನೋಡುತ್ತ ಬಹಳ ವರ್ಷ ಬಾಳಿ.

ಇಂತಿ,
ಚನ್ನವ್ವನ ಮಗಳು
ಗಂಗೂಬಾಯಿ